ಏರಿಯಲ್ ಎತ್ತ ತಿರುಗಬೇಕು

ಮಾಟುಂಗಾ, ಪುಣೆಯ ಪೇಠೆಗಳು, ಕಾಚಿಗುಡ, ಎಲ್ಲೇ ಆಗಲಿ, ಹಳೆಯ ಕಟ್ಟಡವೊಂದರ ತಾರಸಿ ಹತ್ತಿದರೆ ನೀರಿನ ಟ್ಯಾಂಕಿನ ಪಕ್ಕದಲ್ಲಿ ತುಕ್ಕು ಹಿಡಿದ ಪೈಪೊಂದು ಇನ್ನೂ ನಿಂತಿರುವುದುಂಟು. ತುದಿಯಲ್ಲಿ ಮೀನಿನ ಮುಳ್ಳಿನಂಥ ಅಲ್ಯುಮಿನಿಯಂ ಕಡ್ಡಿಗಳು, ಅರ್ಧ ಮುರಿದವು. ಮೇಲೆ ಕಾಗೆ ಕೂರುತ್ತದೆ, ಕೆಳಗೆ ಯಾರೋ ಬಟ್ಟೆ ಒಣಹಾಕುವ ಹಗ್ಗ ಕಟ್ಟಿರುತ್ತಾರೆ. ಟಿವಿ ಏರಿಯಲ್ ಬಗೆಗಿನ ಬರಹಗಳು ಸಾಮಾನ್ಯವಾಗಿ ಇಲ್ಲಿಂದ ನೆನಪುಗಳ ಕಡೆ ಹೊರಳುತ್ತವೆ: ಮೇಲೆ ಅಣ್ಣ, ಕೆಳಗೆ ತಂಗಿ, ನಡುವೆ ಕಿಟಕಿಯಿಂದ ಕೂಗು, 'ಬಂತಾ?' 'ಬಂತು, ಬಂತು... ಹೋಯ್ತು!' ಆ ನೆನಪುಗಳಿಗೆ ಇಲ್ಲಿ ಹೆಚ್ಚು ಜಾಗವಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಆ ಕಡ್ಡಿಗಳು ಯಾವ ದಿಕ್ಕಿಗೆ ಮುಖ ಮಾಡಿದ್ದವು, ಆ ದಿಕ್ಕಿನಲ್ಲಿದ್ದ ಟವರ್ ಯಾರ ಭಾಷೆಯಲ್ಲಿ ಮಾತಾಡುತ್ತಿತ್ತು?

ಒಂದು ಮಾತನ್ನು ಮೊದಲೇ ಹೇಳಿಬಿಡಬಹುದು. ನೆಲದ ಮೇಲಿನ ಟವರ್‌ಗಳಿಂದ ನೇರವಾಗಿ ಮನೆಗೆ ಬರುತ್ತಿದ್ದ ಪ್ರಸಾರವನ್ನು ದೂರದರ್ಶನ ಹೆಚ್ಚುಕಡಿಮೆ ಪೂರ್ತಿ ಕೈಬಿಟ್ಟದ್ದು ದುಡುಕು. ಹಾಗೆಂದು ಆ ಪ್ರಸಾರ ಇದ್ದ ಹಾಗೇ ಮುಂದುವರಿಯಬೇಕಿತ್ತು ಎನ್ನಲೂ ಆಗದು. ಹೊರನಾಡ ಕನ್ನಡಿಗರಂತೂ ಹಾಗೆ ಹೇಳುವಂತಿಲ್ಲ. ಟವರ್ ಉಳಿಯಬೇಕಿತ್ತು, ತನ್ನ ಸುತ್ತ ಬದುಕುವವರ ಭಾಷೆಗಳನ್ನು ಕಲಿತು ಉಳಿಯಬೇಕಿತ್ತು. ಅದಕ್ಕೆ ಬೇಕಾದ ತಂತ್ರಜ್ಞಾನ ಕೈಗೆ ಬಂದ ಹೊತ್ತಿಗೇ ಟವರನ್ನು ಬಿಟ್ಟುಕೊಟ್ಟದ್ದು ಈ ಕಥೆಯ ವಿಚಿತ್ರ.

ಏರಿಯಲ್ಲಿನ ಗುಣವೇ ಅದು ಒಂದು ಕಡೆ ನೋಡುವುದು. ನಮ್ಮ ಮಾಳಿಗೆಗಳ ಮೇಲಿದ್ದದ್ದು ಯಾಗಿ-ಉದಾ ಆಂಟೆನಾ. ಜಪಾನಿನ ತೊಹೊಕು ವಿಶ್ವವಿದ್ಯಾಲಯದಲ್ಲಿ ಶಿಂತಾರೊ ಉದಾ ಮತ್ತು ಹಿದೆತ್ಸುಗು ಯಾಗಿ 1926ರ ಸುಮಾರಿಗೆ ರೂಪಿಸಿದ್ದು. ತವರಿನಲ್ಲಿ ಅದಕ್ಕೆ ಯಾರೂ ಬೆಲೆ ಕೊಡಲಿಲ್ಲ. 1942ರಲ್ಲಿ ಸಿಂಗಪುರ ಹಿಡಿದ ಜಪಾನೀ ಸೇನೆಗೆ ಬ್ರಿಟಿಷ್ ರೇಡಾರ್ ಟಿಪ್ಪಣಿಗಳು ಸಿಕ್ಕವಂತೆ, ಅವುಗಳಲ್ಲಿ ಮತ್ತೆ ಮತ್ತೆ ಬರುವ 'ಯಾಗಿ' ಎಂಬ ಪದ ಯಾವ ಇಂಗ್ಲಿಷ್ ಪದವೆಂದು ಅಧಿಕಾರಿಗಳಿಗೆ ಬಗೆಹರಿಯಲಿಲ್ಲವಂತೆ. ಕೊನೆಗೆ ಸೆರೆಯಾಳೊಬ್ಬ 'ಅದು ನಿಮ್ಮದೇ ಪ್ರೊಫೆಸರ ಹೆಸರು' ಎಂದನಂತೆ. ತನ್ನ ಮಾತು ಅನ್ಯರ ಬಾಯಲ್ಲಿ ಬಂದಾಗ ಗುರುತು ಸಿಗದೆ ಹೋಗುವುದು ಭಾಷೆಯ ಕೆಲಸ ಮಾಡುವವರಿಗೆ ಹೊಸತಲ್ಲ.

ಆ ಕಡ್ಡಿಗಳಲ್ಲಿ ನಿಜವಾಗಿ ತಂತಿ ಜೋಡಿಸಿರುವುದು ಒಂದಕ್ಕೆ ಮಾತ್ರ. ಅದರ ಹಿಂದಿರುವ ಸ್ವಲ್ಪ ಉದ್ದದ ಕಡ್ಡಿ ಅಲೆಯನ್ನು ಹಿಂತಿರುಗಿಸುತ್ತದೆ, ಮುಂದಿರುವ ಗಿಡ್ಡ ಕಡ್ಡಿಗಳು ಅದನ್ನು ಒಳಗೆ ಕರೆಯುತ್ತವೆ. ಮುಂದಿನ ಕಡ್ಡಿಗಳು ಹೆಚ್ಚಾದಷ್ಟೂ ಆ ಒಂದು ದಿಕ್ಕಿನಿಂದ ಬರುವುದು ಜೋರಾಗಿ ಕೇಳುತ್ತದೆ, ಅಕ್ಕಪಕ್ಕದ್ದು ಕೇಳಿಸುವುದಿಲ್ಲ. ಕಡ್ಡಿಯ ಉದ್ದವೂ ಮನಸ್ಸಿಗೆ ಬಂದಷ್ಟಲ್ಲ. 300ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ, ಕಡ್ಡಿ ಅದರ ಅರ್ಧದಷ್ಟಿರಬೇಕು. 62 ಮೆಗಾಹರ್ಟ್ಸ್‌ನಲ್ಲಿ ಬರುವ ಚಾನೆಲ್ಲಿಗೆ ಎರಡೂವರೆ ಮೀಟರಿಗೆ ಸ್ವಲ್ಪ ಕಡಿಮೆ, 175ರಲ್ಲಿ ಬರುವುದಕ್ಕೆ ಒಂದು ಮೀಟರಿಗೂ ಕಡಿಮೆ. ಆ ಕಾಲದಲ್ಲಿ ತಿಳಿದವರು ಒಂದು ಊರಿನ ತಾರಸಿಗಳನ್ನು ನೋಡಿಯೇ ಅಲ್ಲಿಯ ಟವರ್ ಯಾವ ದಿಕ್ಕಿಗಿದೆ, ಹೆಚ್ಚುಕಡಿಮೆ ಯಾವ ಚಾನೆಲ್ಲಿನಲ್ಲಿದೆ ಎಂದು ಹೇಳಬಹುದಿತ್ತು.

ಹಾಗಾಗಿ ಏರಿಯಲ್ ಕಟ್ಟಿದ ಮನೆ ಆ ಊರಿನ ಟವರಿಗೆ ಒಪ್ಪಿಕೊಂಡ ಮನೆ. ಮುಂಬೈಯಲ್ಲಿ 1972ರಲ್ಲಿ ದೂರದರ್ಶನ ಬಂತು. ವರ್ಲಿಯ 300 ಮೀಟರ್ ಟವರಿನಿಂದ ಹೊರಟ ಅಲೆ, ಭೂಮಿಯ ಬಾಗುವಿಕೆ ಲೆಕ್ಕ ಹಾಕಿದರೆ, ಮೂರಂತಸ್ತಿನ ತಾರಸಿಯೊಂದಕ್ಕೆ ಹೆಚ್ಚೆಂದರೆ ಎಂಬತ್ತು ಕಿಲೋಮೀಟರಿನ ತನಕ ನೇರವಾಗಿ ಕಾಣುತ್ತದೆ. ಸಹ್ಯಾದ್ರಿ ದಾಟಿ ಪುಣೆ ಮುಟ್ಟುವುದಿಲ್ಲ. ಅದಕ್ಕೇ ಸಿಂಹಗಡದ ಮೇಲೆ ಇನ್ನೊಂದು ಟವರ್ ಬಂತು, ಪುಣೆಯ ಏರಿಯಲ್‌ಗಳೆಲ್ಲ ಕೋಟೆಯ ಕಡೆ ತಿರುಗಿದವು. ಚೆನ್ನೈಗೆ 1975ರಲ್ಲಿ, ಹೈದರಾಬಾದಿಗೆ 1977ರಲ್ಲಿ ಕೇಂದ್ರ ಬಂತು. ಬೆಂಗಳೂರಿಗೆ 1981ರ ತನಕ ಕಾಯಬೇಕಾಯಿತು. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಮುಂಬೈಯ ಕನ್ನಡ ಮನೆಯೊಂದು ಬೆಂಗಳೂರಿನ ಮನೆಗಿಂತ ಒಂಬತ್ತು ವರ್ಷ ಮೊದಲೇ ಟಿವಿ ನೋಡಿತು. ನೋಡಿದ್ದು ಮರಾಠಿ, ಹಿಂದಿ, ನಡುವೆ ಸ್ವಲ್ಪ ಗುಜರಾತಿ. ಕನ್ನಡ ಬೇಕೆಂದರೆ ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರದ ಸರದಿ ಬರುವ ತನಕ ಕಾಯಬೇಕಿತ್ತು. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಮನೆಮನೆಗೆ ಬಂದಾಗ ಊರು ಕನ್ನಡದ್ದು, ಮುಖಗಳು ಕನ್ನಡದವು, ಮಾತು ಹಿಂದಿ.

ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಿಲ್ಲ. 1956ರಲ್ಲಿ ರಾಜ್ಯಗಳು ಭಾಷೆಯ ಮೇಲೆ ವಿಂಗಡಣೆಯಾದವು, ದೂರದರ್ಶನ ಆ ನಕ್ಷೆಯನ್ನು ಎತ್ತಿಕೊಂಡು ಅದರ ಮೇಲೆ ಟವರ್‌ಗಳನ್ನು ನೆಟ್ಟಿತು. ತಪ್ಪಿದ್ದು ಒಂದು ಊಹೆಯಲ್ಲಿ: ಒಂದು ಟವರಿನ ವ್ಯಾಪ್ತಿಯಲ್ಲಿ ಇರುವವರದು ಒಂದೇ ಭಾಷೆ ಎಂಬ ಊಹೆ. ಯಾವ ದೊಡ್ಡ ನಗರಕ್ಕೂ ಅದು ಒಪ್ಪುವುದಿಲ್ಲ, ಸೊಲ್ಲಾಪುರ, ಕಾಸರಗೋಡು, ಹೊಸೂರಿನಂಥ ಗಡಿ ಊರುಗಳಿಗಂತೂ ಇಲ್ಲವೇ ಇಲ್ಲ.

ಅಲೆಗೆ ಮಾತ್ರ ಗಡಿಯ ಪರಿವೆ ಇರಲಿಲ್ಲ. ಅಮೃತಸರದ ಜನ ಲಾಹೋರಿನ ಟಿವಿ ನೋಡುತ್ತಿದ್ದರು, 1973ರಲ್ಲಿ ಅಲ್ಲಿಗೊಂದು ಕೇಂದ್ರ ಬಂದ ಮೇಲೆ ಲಾಹೋರಿನವರು ಹಿಂದಿ ಸಿನಿಮಾಕ್ಕಾಗಿ ಏರಿಯಲ್ಲನ್ನು ಅಮೃತಸರದ ಕಡೆ ತಿರುಗಿಸತೊಡಗಿದರು. ತಮಿಳುನಾಡಿನ ದಕ್ಷಿಣ ಕರಾವಳಿಯಲ್ಲಿ ಶ್ರೀಲಂಕಾದ ರೂಪವಾಹಿನಿ ಸಿಗುತ್ತಿತ್ತು. ಸರ್ಕಾರಗಳು ಕೊಟ್ಟದ್ದನ್ನು ಬಿಟ್ಟು ತನಗೆ ಬೇಕಾದದ್ದನ್ನು ಹುಡುಕಲು ಜನ ಮಾಡಬೇಕಾಗಿದ್ದದ್ದು ಪೈಪನ್ನು ಒಂದಷ್ಟು ತಿರುಗಿಸುವುದು ಮಾತ್ರ. ಗಡಿಯಿಂದ ನೂರಾರು ಕಿಲೋಮೀಟರ್ ದೂರದ ಮುಂಬೈ ಕನ್ನಡಿಗರಿಗೆ ಆ ಅನುಕೂಲವೂ ಇರಲಿಲ್ಲ. ಎಷ್ಟೇ ತಿರುಗಿಸಿದರೂ ಕನ್ನಡದ ಟವರ್ ಸಿಗುವಷ್ಟು ಹತ್ತಿರ ಇರಲಿಲ್ಲ.

ಈಗ ಇದರ ಇನ್ನೊಂದು ಮಗ್ಗುಲು. ಒಂದು ಚಾನೆಲ್, ಸಂಜೆಯ ಕೆಲವೇ ಗಂಟೆ. ಅಂಥ ಕಡೆ ಒಂದು ಭಾಷೆಗೆ ಹತ್ತು ನಿಮಿಷ ಕೊಡುವುದೆಂದರೆ ಇನ್ನೊಂದರಿಂದ ಹತ್ತು ನಿಮಿಷ ಕಿತ್ತುಕೊಳ್ಳುವುದು. ಇದು ಎಷ್ಟು ದೂರ ಹೋಗಬಹುದು ಎಂಬುದು ಬೆಂಗಳೂರಿಗೇ ಗೊತ್ತು. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನ ಸಂಜೆಯ ಮುಖ್ಯ ಹೊತ್ತಿನಲ್ಲಿ ಹತ್ತು ನಿಮಿಷದ ಉರ್ದು ವಾರ್ತೆ ಶುರುಮಾಡಿತು. ಪ್ರತಿಭಟನೆ ಗಲಭೆಯಾಯಿತು, ಜನ ಸತ್ತರು, ವಾರ್ತೆ ನಿಂತಿತು. ಆ ಗಲಭೆಗೆ ರಾಜಕೀಯದ, ಕೋಮುದ್ವೇಷದ ಕಾರಣಗಳಿದ್ದವು, ಎಲ್ಲವನ್ನೂ ಟವರಿನ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ 'ನಮ್ಮ ಹೊತ್ತನ್ನು ಅವರಿಗೆ ಕೊಟ್ಟರು' ಎಂಬ ವಾದ ಕಿವಿಗೆ ಹತ್ತಲು ಕಾರಣ, ಹೊತ್ತು ನಿಜಕ್ಕೂ ಒಂದೇ ಇತ್ತು. ಮುಂಬೈಯಲ್ಲಿ ಕನ್ನಡ ಯಾಕಿಲ್ಲ ಎಂದು ಕೇಳುವವರು ಬೆಂಗಳೂರಿನಲ್ಲಿ ಉರ್ದು, ತಮಿಳು, ತೆಲುಗು ಯಾಕೆ ಬೇಕು ಎಂದು ಕೇಳುವಂತಿಲ್ಲ. ಹೊರನಾಡಿನಲ್ಲಿ ಬದುಕುವ ಕನ್ನಡಿಗರಿಗೆ ಇದು ಊರೊಳಗಿರುವ ಕನ್ನಡಿಗರಿಗಿಂತ ಬೇಗ ಅರ್ಥವಾಗುತ್ತದೆ, ಅರ್ಥವಾಗಬೇಕು.

ಒಂದು ಚಿತ್ರಕ್ಕೆ ಒಂದೇ ಭಾಷೆ ಎಂಬ ಕಟ್ಟುಪಾಡು ಮೊದಲಿನಿಂದ ಇದ್ದದ್ದೂ ಅಲ್ಲ. ಕನ್ನಡ ಟಿವಿ ಮೊಟ್ಟಮೊದಲು ಹಳ್ಳಿಗಳಿಗೆ ಬಂದದ್ದು ಟವರಿನಿಂದಲೇ ಅಲ್ಲ, ಆಕಾಶದಿಂದ. 1975–76ರಲ್ಲಿ ನಡೆದ ಸೈಟ್ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹ ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪ್ರಸಾರ ತಲುಪಿತು. ಕರ್ನಾಟಕದಲ್ಲಿ ಅದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಿಗೆ ಬಂತು, ಕೋಳಿ ಗೂಡಿಗೆ ಹಾಕುವ ಜಾಲರಿಯಿಂದ ಮಾಡಿದ ಹತ್ತಡಿಯ ಕೊಡೆಗಳ ಮೂಲಕ. ಆ ವ್ಯವಸ್ಥೆಯಲ್ಲಿ ಒಂದು ಚಿತ್ರದ ಜೊತೆ ಎರಡು ಧ್ವನಿಗಳನ್ನು ಕಳುಹಿಸಬಹುದಿತ್ತು. ಆಂಧ್ರದ ಹಳ್ಳಿ ತೆಲುಗಿನಲ್ಲಿ, ಕರ್ನಾಟಕದ ಹಳ್ಳಿ ಕನ್ನಡದಲ್ಲಿ ಅದೇ ಚಿತ್ರವನ್ನು ಕೇಳುವುದು ಸಾಧ್ಯವಿತ್ತು. ಐವತ್ತು ವರ್ಷದ ಹಿಂದೆ ಇದು ತಲೆಗೆ ಹೊಳೆದಿತ್ತು, ಆಮೇಲೆ ಟವರ್ ಕಟ್ಟುವ ಭರದಲ್ಲಿ ಮರೆತುಹೋಯಿತು.

ಡಿಜಿಟಲ್ ಟವರ್ ಬಂದಾಗ ಆ ಮರೆತದ್ದನ್ನು ಮತ್ತೆ ಎತ್ತಿಕೊಳ್ಳಬಹುದಿತ್ತು. 2016ರಲ್ಲಿ ದೂರದರ್ಶನ ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈ, ಬೆಂಗಳೂರು ಸೇರಿ 16 ನಗರಗಳಲ್ಲಿ ಡಿವಿಬಿ-ಟಿ2 ಎಂಬ ಡಿಜಿಟಲ್ ಪದ್ಧತಿಯಲ್ಲಿ ಪ್ರಸಾರ ಆರಂಭಿಸಿತು. ಹಿಂದೆ ಒಂದೇ ಚಾನೆಲ್ ಹಿಡಿಸುತ್ತಿದ್ದ ಜಾಗದಲ್ಲಿ ಈ ಪದ್ಧತಿ ಸಾಧಾರಣ ಗುಣಮಟ್ಟದ ಒಂದು ಡಜನ್ ಚಾನೆಲ್ ಹಿಡಿಸಬಲ್ಲದು. ಒಂದೊಂದು ಚಾನೆಲ್ಲಿಗೂ ಎರಡು ಮೂರು ಧ್ವನಿಪಥ ಸೇರಿಸಲು ಆಗುವ ಖರ್ಚು ಅಲ್ಪ. ದೂರದರ್ಶನ ಅದರಲ್ಲಿ ಹಾಕಿದ್ದು ಐದು: ನ್ಯಾಷನಲ್, ನ್ಯೂಸ್, ಭಾರತಿ, ಸ್ಪೋರ್ಟ್ಸ್, ಮತ್ತು ಆಯಾ ರಾಜ್ಯದ ಚಾನೆಲ್ ಅಥವಾ ಕಿಸಾನ್. ಮತ್ತೆ ಅದೇ ಊಹೆ, ಒಂದು ನಗರಕ್ಕೆ ಒಂದು ಪ್ರಾದೇಶಿಕ ಭಾಷೆ. ಮುಂಬೈಯ ಟವರಿಗೆ ಚಂದನವನ್ನೂ ಬೆಂಗಳೂರಿನ ಟವರಿಗೆ ಚೆನ್ನೈ, ಹೈದರಾಬಾದಿನ ಚಾನೆಲ್‌ಗಳನ್ನೂ ಏರಿಸಿದ್ದರೆ ಯಾರ ಹತ್ತು ನಿಮಿಷವೂ ಹೋಗುತ್ತಿರಲಿಲ್ಲ. ಚಾನೆಲ್‌ಗಳು ಸರ್ಕಾರದವೇ, ಉಪಗ್ರಹದಲ್ಲಿ ಆಗಲೇ ಇದ್ದವು.

ಜನ ನೋಡಲಿಲ್ಲ, ಅದಕ್ಕೆ ಬಿಟ್ಟರು ಎನ್ನುವುದು ಸಾಮಾನ್ಯ ಸಮರ್ಥನೆ. ನೋಡಲು ಏನು ಮಾಡಬೇಕು ಎಂದು ಯಾರೂ ಹೇಳಲಿಲ್ಲ ಎನ್ನುವುದು ಹೆಚ್ಚು ನಿಜ. ಆ ಕೆಲಸ ಕಷ್ಟದ್ದೇನಲ್ಲ, ಸ್ವಲ್ಪ ವಿವರವಾಗಿ ಹೇಳಬೇಕಾದದ್ದು.

ಮೊದಲು ಊರಿನ ದೂರದರ್ಶನ ಕೇಂದ್ರಕ್ಕೆ ಫೋನ್ ಮಾಡಿ ಡಿಜಿಟಲ್ ಪ್ರಸಾರ ಈಗ ಇದೆಯೇ, ಯಾವ ಟವರಿನಿಂದ, ಯಾವ ಚಾನೆಲ್ಲಿನಲ್ಲಿ ಎಂದು ಕೇಳಬೇಕು. ಇದನ್ನು ಬಿಟ್ಟು ಅಂಗಡಿಗೆ ಹೋದರೆ ದುಡ್ಡು ದಂಡ. ಟಿವಿಯ ವಿವರಗಳಲ್ಲಿ ಡಿವಿಬಿ-ಟಿ2 ಎಂದಿರಬೇಕು, ಇಲ್ಲದಿದ್ದರೆ ಸಣ್ಣ ಪೆಟ್ಟಿಗೆಯೊಂದನ್ನು ಬೇರೆ ಕೊಳ್ಳಬೇಕು. ಹಳೆಯ ಏರಿಯಲ್ ಇದೆಯಲ್ಲ, ಅದನ್ನೇ ಬಳಸೋಣ ಎನ್ನುವವರಿಗೆ ನಿರಾಸೆ ಕಾದಿದೆ. ಡಿಜಿಟಲ್ ಪ್ರಸಾರ ಯುಎಚ್‌ಎಫ್‌ನಲ್ಲಿ, 470 ಮೆಗಾಹರ್ಟ್ಸ್‌ನಿಂದ ಮೇಲೆ. ಅದಕ್ಕೆ ಬೇಕಾದ ಕಡ್ಡಿ ಸುಮಾರು ಒಂದಡಿ. ಎರಡು ಮೀಟರಿನ ಹಳೆಯ ಕಡ್ಡಿಗೆ ಈ ಅಲೆ ಹೊಂದುವುದಿಲ್ಲ. ಆದರೆ ಹಳೆಯ ಪೈಪು ಗಟ್ಟಿಯಿದ್ದರೆ ಅದರ ಮೇಲೆ ಹೊಸದನ್ನು ಕಟ್ಟಬಹುದು.

ಆನ್‌ಲೈನಿನಲ್ಲಿ 'ಎಚ್‌ಡಿ ಆಂಟೆನಾ', '4ಕೆ ಆಂಟೆನಾ', 'ಸಾವಿರ ಮೈಲಿ ವ್ಯಾಪ್ತಿ' ಎಂದು ಬರೆದ ತೆಳು ಪ್ಲಾಸ್ಟಿಕ್ ಹಾಳೆಗಳು ಸಿಗುತ್ತವೆ. ಆಂಟೆನಾಕ್ಕೆ ಎಚ್‌ಡಿ ಗೊತ್ತಿಲ್ಲ, 4ಕೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಕಂಪನಾಂಕ ಮತ್ತು ದಿಕ್ಕು. ಸಾವಿರ ಮೈಲಿ ದೂರದ ಟವರ್ ಭೂಮಿಯ ಬಾಗುವಿಕೆಯ ಹಿಂದೆ ಎಲ್ಲೋ ಇರುತ್ತದೆ. ಟವರಿನಿಂದ ಏಳೆಂಟು ಕಿಲೋಮೀಟರ್ ಒಳಗಿದ್ದು, ಕಿಟಕಿ ಆ ಕಡೆಗಿದ್ದರೆ ಒಳಗಿಡುವ ಸಣ್ಣ ಆಂಟೆನಾವೇ ಸಾಕಾಗಬಹುದು. ಅದಕ್ಕಿಂತ ದೂರವಾದರೆ ತಾರಸಿ, ಹತ್ತು ಹನ್ನೆರಡು ಕಡ್ಡಿಯ ಯಾಗಿ. ಟವರಿನ ಕಡೆಗೆ ಎತ್ತರದ ಕಟ್ಟಡ ಅಡ್ಡ ಇದ್ದರೆ ಎದುರಿನ ಗೋಡೆಯಿಂದ ಪುಟಿದು ಬರುವ ಅಲೆಯ ಕಡೆಗೂ ತಿರುಗಿಸಿ ನೋಡಬಹುದು. ಹಳೆಯ ಟಿವಿಯಲ್ಲಿ ಹಾಗೆ ಮಾಡಿದರೆ ಒಬ್ಬನ ಪಕ್ಕ ಇನ್ನೊಬ್ಬ ದೆವ್ವದಂತೆ ನಿಲ್ಲುತ್ತಿದ್ದ. ಡಿಜಿಟಲ್ ಪದ್ಧತಿ ಆ ಪ್ರತಿಧ್ವನಿಯನ್ನು ಸಹಿಸಿಕೊಳ್ಳುತ್ತದೆ.

ಕಡ್ಡಿಗಳು ನೆಲಕ್ಕೆ ಅಡ್ಡವಾಗಿರಬೇಕೋ ನೆಟ್ಟಗಿರಬೇಕೋ ಎನ್ನುವುದನ್ನೂ ಕೇಂದ್ರದವರನ್ನೇ ಕೇಳಬೇಕು. ಹಳೆಯ ಚಪ್ಪಟೆ ರಿಬ್ಬನ್ ತಂತಿಯ ಬದಲು ಆರ್‌ಜಿ-6 ಕೇಬಲ್, ಅದೂ ಆದಷ್ಟು ಗಿಡ್ಡ. ಕೇಬಲ್ ಉದ್ದವಾಗಿ ಬೂಸ್ಟರ್ ಬೇಕೇ ಬೇಕು ಎಂದಾದರೆ ಅದು ಮೇಲೆ, ಆಂಟೆನಾದ ಬಳಿ ಇರಬೇಕು. ಎಷ್ಟೋ ಮನೆಗಳಲ್ಲಿ ಟಿವಿಯ ಹಿಂದೆ ಬೂಸ್ಟರ್ ಸಿಕ್ಕಿಸಿರುತ್ತಾರೆ. ಅಷ್ಟು ದೂರ ಬರುವಾಗ ಸೇರಿಕೊಂಡ ಗದ್ದಲವನ್ನೇ ಅದು ದೊಡ್ಡದು ಮಾಡಿ ಕೊಡುತ್ತದೆ. ಪೈಪನ್ನು ಗೋಡೆಗೆ ಎರಡು ಕಡೆ ಕ್ಲಾಂಪ್ ಹಾಕಿ ಬಿಗಿಯಬೇಕು, ಎತ್ತರವಾಗಿದ್ದರೆ ಮೂರು ದಿಕ್ಕಿಗೆ ತಂತಿ ಎಳೆದು ಕಟ್ಟಬೇಕು. ಮುಂಬೈಯ ಜೂನ್ ಗಾಳಿಗೆ ಒಂದು ಕ್ಲಾಂಪ್ ಸಾಲುವುದಿಲ್ಲ. ಪೈಪು ಬಿದ್ದರೂ ಕರೆಂಟಿನ ತಂತಿಗೆ ತಾಗದಷ್ಟು ದೂರವಿರಬೇಕು. ದಪ್ಪ ತಾಮ್ರದ ತಂತಿಯಿಂದ ಪೈಪನ್ನು ನೆಲದ ಅರ್ತಿಂಗಿಗೆ ಜೋಡಿಸಬೇಕು. ಇದನ್ನು ಹೆಚ್ಚಿನವರು ಮಾಡುವುದಿಲ್ಲ, ಮಾಡದಿರುವುದು ತಪ್ಪು. ತಿರುಗಿಸುವಾಗ ಒಂದು ವ್ಯತ್ಯಾಸ ನೆನಪಿರಲಿ: ಹಿಂದೆ ಚುಕ್ಕಿಗಳು ಕಡಿಮೆಯಾಗುತ್ತ ಬಂದು ಚಿತ್ರ ಮೂಡುತ್ತಿತ್ತು, ಈಗ ಇದ್ದರೆ ಪೂರ್ತಿ, ಇಲ್ಲದಿದ್ದರೆ ಕಪ್ಪು ಪರದೆ. ಅದಕ್ಕೇ ಟಿವಿಯ ಸೆಟ್ಟಿಂಗಿನಲ್ಲಿ ಸಿಗ್ನಲ್ ತೋರಿಸುವ ಪಟ್ಟಿಯನ್ನು ತೆರೆದಿಟ್ಟು, ಸ್ವಲ್ಪ ತಿರುಗಿಸಿ, ಕೆಲವು ಕ್ಷಣ ಕಾಯಬೇಕು. 'ಬಂತಾ' ಎಂದು ಕೂಗುವ ಆತುರ ಇಲ್ಲಿ ಕೆಲಸಕ್ಕೆ ಬಾರದು.

ಇಷ್ಟಕ್ಕೆಲ್ಲ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು. ತಿಂಗಳ ಬಾಡಿಗೆ ಇಲ್ಲ, ಡೇಟಾ ಇಲ್ಲ, ಯಾರು ಏನು ನೋಡುತ್ತಿದ್ದಾರೆಂದು ಬರೆದಿಟ್ಟುಕೊಳ್ಳುವ ಸರ್ವರ್ ಇಲ್ಲ.

ಅದನ್ನೆಲ್ಲ ಫ್ರೀ ಡಿಶ್ ಕೊಡುತ್ತದಲ್ಲ ಎಂಬ ಆಕ್ಷೇಪ ಬರುತ್ತದೆ. ಅದು ಗಟ್ಟಿ ಆಕ್ಷೇಪ. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂದು ಶುರುವಾದ ಆ ಸೇವೆ ಕೋಟಿಗಟ್ಟಲೆ ಮನೆಗಳಲ್ಲಿದೆ, ಹೊರನಾಡ ಕನ್ನಡಿಗರಿಗೆ ತಿಂಗಳ ಖರ್ಚಿಲ್ಲದೆ ಚಂದನ ತಲುಪಿಸಿದ್ದೂ ಅದೇ. ಏರಿಯಲ್ ಮಾಡಲಾರದ್ದನ್ನು ಕೊಡೆ ಮಾಡಿತು, ಇದನ್ನು ಒಪ್ಪದೆ ಮುಂದೆ ಹೋಗುವುದು ಅಪ್ರಾಮಾಣಿಕತೆ. ಆದರೆ ಕೊಡೆಗೂ ದಿಕ್ಕಿದೆ. ಫ್ರೀ ಡಿಶ್ಶಿನ ಉಪಗ್ರಹ 93.5 ಡಿಗ್ರಿ ಪೂರ್ವದಲ್ಲಿದೆ. ಮುಂಬೈ, ಪುಣೆಗಳಿಂದ ಅದು ಆಗ್ನೇಯ ದಿಕ್ಕು. ಪಶ್ಚಿಮಕ್ಕೆ ಮುಖ ಮಾಡಿದ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಇರುವವರು, ತಾರಸಿಗೆ ಏನನ್ನೂ ಹಾಕಬೇಡಿ ಎನ್ನುವ ಸೊಸೈಟಿಯ ಕಟ್ಟಡದಲ್ಲಿ ಇರುವವರು ಏನು ಮಾಡಬೇಕು? ಜೋರು ಮಳೆಯಲ್ಲಿ ಕೊಡೆಯ ಸಿಗ್ನಲ್ ಹೋಗುತ್ತದೆ, ಟವರಿನದು ಹೋಗುವುದಿಲ್ಲ. ಸುದ್ದಿ ಹೆಚ್ಚು ಬೇಕಾಗುವುದು ಅಂಥ ಮಳೆಯಲ್ಲೇ. ಇನ್ನೊಂದು ಸಂಗತಿ, ಫ್ರೀ ಡಿಶ್ಶಿನಲ್ಲಿ ಖಾಸಗಿ ಚಾನೆಲ್‌ಗಳ ಜಾಗ ಇ-ಹರಾಜಿನಲ್ಲಿ ಮಾರಾಟವಾಗುತ್ತದೆ, ದೊಡ್ಡ ಪಾಲು ಹಿಂದಿಗೆ ಹೋಗಿದೆ. ಹರಾಜಿನಲ್ಲಿ ಗೆಲ್ಲುವುದು ದೊಡ್ಡ ಮಾರುಕಟ್ಟೆಯ ಭಾಷೆ.

ಹಣದ ಲೆಕ್ಕವೂ ಇದೆ. 2022ರ ಮಾರ್ಚ್ ಒಳಗೆ ಹಳೆಯ ಅನಲಾಗ್ ಟವರ್‌ಗಳನ್ನು, ಆಯಕಟ್ಟಿನ ಜಾಗಗಳ ಸುಮಾರು 50 ಬಿಟ್ಟು, ಮುಚ್ಚುವುದಾಗಿ ಪ್ರಸಾರ ಭಾರತಿ ಹೇಳಿತು. ವರ್ಷಕ್ಕೆ ಸುಮಾರು ನೂರು ಕೋಟಿ ರೂಪಾಯಿ ಉಳಿತಾಯ, ಜೊತೆಗೆ ತರಂಗಾಂತರ ಬೇರೆ ಕೆಲಸಕ್ಕೆ ಬಿಡುವು. ಅನಲಾಗನ್ನು ಮುಚ್ಚಿದ್ದಕ್ಕೆ ಯಾರ ತಕರಾರೂ ಇರಬೇಕಿಲ್ಲ. ಆ ಜಾಗದಲ್ಲಿ ಡಿಜಿಟಲ್ ಟವರ್‌ಗಳನ್ನು ಹತ್ತಾರು ನಗರಗಳಾಚೆ ಒಯ್ಯದೆ ನಿಲ್ಲಿಸಿದ್ದು, ಇದ್ದವುಗಳಲ್ಲೂ ಖಾಲಿ ಜಾಗವನ್ನು ಖಾಲಿಯೇ ಬಿಟ್ಟದ್ದು ತಕರಾರಿನ ವಿಷಯ.

ಅಧ್ಯಾಯ ಇನ್ನೂ ಮುಗಿದಿಲ್ಲ ಎನ್ನುವುದಕ್ಕೆ ಹೊಸ ಕಾರಣವಿದೆ. 470ರಿಂದ 582 ಮೆಗಾಹರ್ಟ್ಸ್ ನಡುವಿನ ಅದೇ ಪಟ್ಟಿಯಲ್ಲಿ, ಇಂಟರ್ನೆಟ್ ಇಲ್ಲದೆ ಟವರಿನಿಂದ ನೇರವಾಗಿ ಮೊಬೈಲಿಗೆ ಟಿವಿ ಕಳುಹಿಸುವ ಡಿ2ಎಂ ಪ್ರಯೋಗ ಬೆಂಗಳೂರು, ದೆಹಲಿ, ನೋಯ್ಡಾಗಳಲ್ಲಿ ನಡೆದಿದೆ. ಟವರ್ ಮತ್ತೆ ಬರುತ್ತಿದೆ, ಏರಿಯಲ್ ಮಾತ್ರ ಜೇಬಿಗೆ ಇಳಿದಿದೆ. ಮೊಬೈಲ್ ಕಂಪನಿಗಳ ಹೊರೆ, ಹ್ಯಾಂಡ್‌ಸೆಟ್ಟಿನ ಬೆಲೆ, ವಿಪತ್ತಿನ ಸೂಚನೆ ಇವೆಲ್ಲ ಚರ್ಚೆಯಾಗಬೇಕಾದವೇ. ಅವುಗಳ ಜೊತೆಗೆ ಈಗಲೇ, ನಿಯಮಗಳು ಗಟ್ಟಿಯಾಗುವ ಮುಂಚೆ, ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ಕನ್ನಡ ಸಂಘಗಳು ಕೇಳಬಹುದಾದ ಒಂದು ಸರಳ ಬೇಡಿಕೆ ಇದೆ. ಜನಗಣತಿ ಜಿಲ್ಲೆವಾರು ಮಾತೃಭಾಷೆಯ ಲೆಕ್ಕ ಇಡುತ್ತದೆ. ಒಂದು ಟವರಿನ ವ್ಯಾಪ್ತಿಯಲ್ಲಿ ಒಂದು ಭಾಷೆಯನ್ನಾಡುವವರು ಇಷ್ಟು ಸಾವಿರಕ್ಕಿಂತ ಹೆಚ್ಚಿದ್ದರೆ ಆ ಭಾಷೆಯ ದೂರದರ್ಶನ ಚಾನೆಲ್ ಆ ಟವರಿನ ಮೇಲೆ ಇರಲೇಬೇಕು, ರಾಜ್ಯ ಯಾವುದೇ ಇರಲಿ. ಎಷ್ಟು ಸಾವಿರ ಎನ್ನುವುದನ್ನು ಕೂತು ತೀರ್ಮಾನಿಸಬಹುದು. ಮೊದಲ ಅರ್ಜಿ ಮುಂಬೈಯಲ್ಲಿ ಕನ್ನಡಕ್ಕಾಗಿ ಹೋಗಲಿ, ಅದೇ ದಿನ ಇನ್ನೊಂದು ಅರ್ಜಿ ಬೆಂಗಳೂರಿನ ಟವರಿನಲ್ಲಿ ತಮಿಳು, ತೆಲುಗು, ಉರ್ದುವಿಗಾಗಿ ಹೋಗಲಿ, ಎರಡಕ್ಕೂ ಸಹಿ ಕನ್ನಡಿಗರದ್ದೇ ಇರಲಿ.